ಗೇಜಿನ ಮುಳ್ಳು ಓದುವ ವಿದ್ಯೆ

ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುವ ಕಾರು ಶಿರಾಡಿ ಘಾಟಿಯ ಏರಿಗೆ ಬಂದೊಡನೆ ಎಳೆಯುವುದಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಮುಗ್ಗರಿಸುತ್ತದೆ. ‘ಪಿಕಪ್ಪೇ ಇಲ್ಲ’ ಎಂಬ ದೂರು ಹೊತ್ತು ಗ್ಯಾರೇಜಿಗೆ ಬಂದ ಇಂಥ ಗಾಡಿಗೆ ಎಷ್ಟೋ ಕಡೆ ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಕಾಯಿಲ್, ಕೊನೆಗೆ ಟ್ಯಾಂಕಿನೊಳಗಿನ ಪಂಪು. ಬಿಲ್ಲು ಬೆಳೆಯುತ್ತದೆ, ರೋಗ ಉಳಿಯುತ್ತದೆ. ಒಂದೂ ಬಿಡಿಭಾಗ ಬದಲಿಸದೆ, ಬರೀ ಇಂಧನದ ಪ್ರೆಷರ್ ಗೇಜ್ ಜೋಡಿಸಿ ದೋಷದ ಜಾಗ ತೋರಿಸಬಲ್ಲ ಮೆಕ್ಯಾನಿಕ್‌ಗಳೂ ನಮ್ಮ ನಡುವೆ ಇದ್ದಾರೆ. ಅವರ ಕಸುಬಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಇಂಧನದ ಪೂರೈಕೆಯನ್ನು ಅಳೆದು ನೋಡುವ ಈ ಶಿಸ್ತು ಕರ್ನಾಟಕಕ್ಕೆ ಹೊಸದಲ್ಲ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ (2008ರಿಂದ ಬಾಷ್ ಲಿಮಿಟೆಡ್) ಡೀಸೆಲ್ ಪಂಪುಗಳನ್ನು ತಯಾರಿಸಿತು. ಅವುಗಳ ರಿಪೇರಿಗೆಂದು ಹೆದ್ದಾರಿಯ ಊರುಗಳಲ್ಲಿ ಪಂಪ್ ಸರ್ವಿಸ್ ಅಂಗಡಿಗಳು ಹುಟ್ಟಿಕೊಂಡವು. ಲಾರಿಯ ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸಿ, ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲನ್ನು ಗಾಜಿನ ಅಳತೆ ನಳಿಗೆಗಳಲ್ಲಿ ಹಿಡಿದು ಸರಿಹೊಂದಿಸುವ ನುರಿತ ಕೈಗಳು ಅಲ್ಲಿ ತಯಾರಾದವು.

ಪೆಟ್ರೋಲ್ ಕಾರಿಗೆ ಆಗ ಇಷ್ಟು ಸೂಕ್ಷ್ಮ ಬೇಕಿರಲಿಲ್ಲ. ಕಾರ್ಬುರೇಟರಿಗೆ 0.3 ಬಾರ್‌ನಷ್ಟು ಒತ್ತಡವಿದ್ದರೆ ಸಾಕಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್‌ಗಳು ಎಲ್ಲೆಡೆ ಬಂದಮೇಲೆ ಆ ಒತ್ತಡ ಸುಮಾರು 3 ಬಾರ್‌ಗೆ, ಕೆಲವು ಕಾರುಗಳಲ್ಲಿ 4ರವರೆಗೂ ಏರಿತು. ಇಂಜೆಕ್ಟರ್ ಬಾಯಿ ತೆರೆಯುವುದು ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಎಷ್ಟು ಪೆಟ್ರೋಲ್ ಒಳಗೆ ಹೋಯಿತೆಂಬ ಲೆಕ್ಕವನ್ನು ಹಲವು ಕಾರುಗಳ ಕಂಪ್ಯೂಟರ್, ಒತ್ತಡ ಸರಿಯಾಗಿದೆ ಎಂದು ನಂಬಿಯೇ ಹಾಕುತ್ತದೆ. ಒತ್ತಡ ತುಸು ಕುಸಿದರೆ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ, ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಟ್ಟು ಸರಿದೂಗಿಸುತ್ತದೆ. ಹಾಗಾಗಿ ಊರೊಳಗೆ ಓಡಾಡುವಾಗ ದೋಷ ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ ಆ ಸರಿದೂಗಿಸುವಿಕೆಯ ಮಿತಿ ಮುಗಿದುಹೋಗುತ್ತದೆ.

ಬಲ್ಲವರು ಮೊದಲು ಕಿವಿಗೊಡುತ್ತಾರೆ. ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಮಾಡಿದರೆ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಒಂದೆರಡು ಸೆಕೆಂಡು ಪಂಪಿನ ಗುಂಯ್‌ಗುಡುವಿಕೆ ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ವೈರಿಂಗ್ ನೋಡುತ್ತಾರೆ. ಕೇಳಿಸಿದರೆ, ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಲೈನಿನ ಒತ್ತಡ ಇಳಿಸಿದ ಮೇಲಷ್ಟೇ ಗೇಜ್ ಜೋಡಣೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿ ಹತ್ತುತ್ತದೆ. ಈ ಹಂತದಲ್ಲಿ ಅವಸರ ಮಾಡುವವರ ಕೈಗೆ ಕಾರು ಕೊಡಬಾರದು.

ಮುಳ್ಳು ಎಷ್ಟರಲ್ಲಿ ನಿಂತಿತು ಎಂಬುದಕ್ಕಿಂತ ಹೇಗೆ ಚಲಿಸಿತು ಎಂಬುದೇ ಹೆಚ್ಚು ಹೇಳುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಬಹಳ ಹೊತ್ತು ನಿಲ್ಲಬೇಕು. ಕೆಲವೇ ನಿಮಿಷದಲ್ಲಿ ಮುಳ್ಳು ಸೊನ್ನೆಗೆ ಜಾರಿದರೆ ಪಂಪಿನ ಚೆಕ್ ವಾಲ್ವ್, ರೆಗ್ಯುಲೇಟರ್ ಅಥವಾ ಒಂದು ಇಂಜೆಕ್ಟರ್ ಸೋರುತ್ತಿದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು ಎಷ್ಟೋ ಸಲ ಇದೇ ಕಾರಣಕ್ಕೆ. ರಬ್ಬರ್ ಹೋಸನ್ನು ಕ್ಲಾಂಪಿನಿಂದ ಅದುಮಿ ನೋಡಿದಾಗ ಮುಳ್ಳು ನಿಂತರೆ ಸೋರಿಕೆ ಟ್ಯಾಂಕಿನ ಕಡೆ, ಜಾರುತ್ತಲೇ ಇದ್ದರೆ ಎಂಜಿನ್ ಕಡೆ. ಪ್ಲಾಸ್ಟಿಕ್ ಪೈಪನ್ನು ಮಾತ್ರ ಹಾಗೆ ಅದುಮುವಂತಿಲ್ಲ, ಸೀಳಿಬಿಡುತ್ತದೆ. ಹಳೆಯ ಮಾದರಿಯ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿದಾಗ ಅದರೊಳಗೆ ಪೆಟ್ರೋಲ್ ಕಂಡರಂತೂ ಡಯಾಫ್ರಮ್ ಹರಿದಿದೆ ಎಂದೇ ಲೆಕ್ಕ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ನೀರು ಕಡಿಮೆಯಿದ್ದರೂ ರಭಸ ಕಾಣುವಂತೆ, ಫಿಲ್ಟರ್ ಕಟ್ಟಿಕೊಂಡ ಕಾರು ಐಡ್ಲಿಂಗ್‌ನಲ್ಲಿ ಪೂರ್ತಿ ಒತ್ತಡ ತೋರಿಸಬಲ್ಲದು. ಅದಕ್ಕೇ ಒಳ್ಳೆಯ ಮೆಕ್ಯಾನಿಕ್ ಗೇಜನ್ನು ಬಾನೆಟ್ಟಿನ ಹೊರಗೆ ತಂದು ವಿಂಡ್‌ಶೀಲ್ಡಿಗೆ ಟೇಪ್ ಹಾಕಿ ಅಂಟಿಸಿ, ಕಾರನ್ನು ಏರು ರಸ್ತೆಗೇ ಒಯ್ಯುತ್ತಾನೆ. ಏರಿನಲ್ಲಿ ಮುಳ್ಳು ಇಳಿದರೂ ಅವನು ನೇರವಾಗಿ ಪಂಪನ್ನು ದೂರುವುದಿಲ್ಲ. ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯುತ್ತಾನೆ. ಬ್ಯಾಟರಿಗಿಂತ ಅದು ಒಂದೆರಡು ವೋಲ್ಟ್ ಕಡಿಮೆಯಿದ್ದರೆ ತುಕ್ಕು ಹಿಡಿದ ಅರ್ಥ್ ವೈರಿನ ಮೇಲೇ ಮೊದಲ ಅನುಮಾನ. ಅದನ್ನು ಸರಿಪಡಿಸುವ ಖರ್ಚು ಹೊಸ ಪಂಪಿನ ಬೆಲೆಯ ಮುಂದೆ ಏನೂ ಅಲ್ಲ. ಪಂಪೇ ಸೋತಿದ್ದರೆ ಮಾಲೀಕರ ಅಭ್ಯಾಸವನ್ನೂ ವಿಚಾರಿಸುತ್ತಾನೆ: ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ ಆದ್ದರಿಂದ ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಅದರ ಆಯಸ್ಸು ಕುಂದುತ್ತದೆ.

ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಇಂಧನ ಹಂಚುವ ಕಾಮನ್ ರೈಲ್ ಡೀಸೆಲ್ ಕಾರಿನಲ್ಲಿ ಈ ಗೇಜ್ ನಡೆಯದು. ಅಲ್ಲಿನ ಒತ್ತಡ 1600 ಬಾರ್ ದಾಟಬಲ್ಲದು. ಎಂಜಿನ್ ಓಡುವಾಗ ಪೈಪ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ರೈಲಿನ ಒತ್ತಡವನ್ನು ಸ್ಕ್ಯಾನರಿನಲ್ಲಿ ನೋಡಿ, ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಪುಟ್ಟ ಬಾಟಲಿ ಕಟ್ಟುತ್ತಾರೆ. ಪಂಪ್ ಅಂಗಡಿಯ ಗಾಜಿನ ನಳಿಗೆಗಳ ವಂಶವೇ ಇದು. ನಾಲ್ಕರಲ್ಲಿ ಒಂದೇ ಬಾಟಲಿ ಬೇಗ ತುಂಬಿದರೆ ಬಿಚ್ಚಬೇಕಾದದ್ದು ಆ ಒಂದು ಇಂಜೆಕ್ಟರನ್ನು; ದುಬಾರಿ ಹೈ ಪ್ರೆಷರ್ ಪಂಪನ್ನು ಸದ್ಯಕ್ಕೆ ಮುಟ್ಟಬೇಕಿಲ್ಲ.