ಹವಾಗುಣದ ವಾದದಲ್ಲಿ ಸಂದೇಹವೂ ವೆಚ್ಚವೂ

ಭೂಮಿಯ ಹವಾಗುಣವು ಮನುಷ್ಯನ ಕಾರ್ಯಗಳಿಂದ ಮಾರ್ಪಡುತ್ತಿರುವ ವಿಷಯವನ್ನು ತರಗತಿಯಲ್ಲಿ ಎತ್ತಿದಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ತಾಪವು ಎಷ್ಟು ಏರುವುದೆಂದು ವಿಜ್ಞಾನಿಗಳೇ ಖಚಿತವಾಗಿ ಹೇಳಲಾರದಿರುವಾಗ, ಕಲ್ಲಿದ್ದಲನ್ನೂ ಎಣ್ಣೆಯನ್ನೂ ತ್ಯಜಿಸುವುದಕ್ಕಾಗಿ ಇಂದೇ ಅಪಾರವಾದ ದ್ರವ್ಯವನ್ನು ಏಕೆ ವ್ಯಯಮಾಡಬೇಕು? ಪ್ರಶ್ನೆ ಹಗುರವಾದುದಲ್ಲ; ದೊಡ್ಡ ದೊಡ್ಡ ರಾಷ್ಟ್ರಗಳ ಶಾಸನಸಭೆಗಳಲ್ಲಿಯೂ ಇದನ್ನು ಕೇಳಿದ್ದಾರೆ. ಭೌತವಿಜ್ಞಾನದಲ್ಲಾಗಲಿ ಅರ್ಥಶಾಸ್ತ್ರದಲ್ಲಾಗಲಿ ತೀರ್ಪು ಕೊಡುವ ಅಧಿಕಾರ ಚರಿತ್ರೆಯ ಅಧ್ಯಾಪಕರಾದ ನಮಗಿಲ್ಲ. ಆದರೆ ಈ ಪ್ರಶ್ನೆಗೇ ಒಂದು ಚರಿತ್ರೆಯುಂಟು. ಅದನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ, ಸಂದೇಹವೆಲ್ಲ ವಿಜ್ಞಾನದ ಕಡೆಗಿದೆ, ವೆಚ್ಚದ ಲೆಕ್ಕ ಮಾತ್ರ ನಿಶ್ಚಿತವಾಗಿದೆ ಎಂಬ, ಪ್ರಶ್ನೆಯೊಳಗೇ ಅಡಗಿರುವ ಊಹೆಯು ನಿಲ್ಲಲಾರದೆಂದು ನಮಗೆ ತೋರುತ್ತದೆ.

ವಿಜ್ಞಾನದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ವಾಯುಮಂಡಲದ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ತಾಪವು ಐದಾರು ಡಿಗ್ರಿ ಏರುವುದೆಂದು ಸ್ವೀಡನ್ ದೇಶದ ಸ್ವಾಂಟೆ ಅರೇನಿಯಸ್ 1896ರಲ್ಲಿ ಗಣಿಸಿದನು. 1938ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಗೈ ಕ್ಯಾಲೆಂಡರ್, ಉರುವಲಿನ ಹೊಗೆಯಿಂದ ಆ ಏರಿಕೆ ಆಗಲೇ ಮೊದಲಾಗಿದೆಯೆಂದು ವಾದಿಸಿದನು. ಇದರಿಂದ ಹಿಮಯುಗವು ಮರಳುವುದು ತಡವಾಗಿ ಮನುಷ್ಯನಿಗೆ ಒಳಿತೇ ಆದೀತೆಂದು ಅವನು ನಂಬಿದ್ದನೆಂಬುದು ಸ್ವಾರಸ್ಯವಾದ ಸಂಗತಿ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಆ ಅನಿಲವನ್ನು ಅಳೆಯತೊಡಗಿದಾಗ ಅದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಇದ್ದಿತು. 2024ರಲ್ಲಿ 420ನ್ನು ದಾಟಿದ್ದಿತು. ಈ ಅಳತೆಯಲ್ಲಿ ವಿವಾದಕ್ಕೆ ಎಡೆಯಿಲ್ಲ. ವಿವಾದಕ್ಕೆ ಎಡೆಯಿದ್ದುದು ಅದರ ಪರಿಣಾಮದ ಪ್ರಮಾಣದಲ್ಲಿ. 1979ರಲ್ಲಿ ಜೂಲ್ ಚಾರ್ನಿಯ ಅಧ್ಯಕ್ಷತೆಯ ಅಮೆರಿಕದ ವಿದ್ವನ್ಮಂಡಲಿಯು, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪವು 3 ಡಿಗ್ರಿ ಏರುವುದೆಂದೂ ಇದರಲ್ಲಿ 1.5 ಡಿಗ್ರಿ ಹೆಚ್ಚು ಕಡಿಮೆ ಆಗಬಹುದೆಂದೂ ಹೇಳಿತು. 2013ರ ಅಂತರರಾಷ್ಟ್ರೀಯ ವರದಿಯಲ್ಲಿಯೂ ಅದೇ 1.5, ಅದೇ 4.5. ಆ ಎಲ್ಲೆಗಳು 2.5 ಮತ್ತು 4ಕ್ಕೆ ಕಿರಿದಾದುದು 2021ರಲ್ಲಿ. ನಡುವಣ ಅಂಕಿ ಆಗಲೂ 3.

ಸಂದೇಹವು ಕಳೆಯುವವರೆಗೆ ಕಾಯೋಣವೆಂದು 1979ರಲ್ಲಿ ನಿಶ್ಚಯಿಸಿದ್ದವನಿಗೆ ಮೂವತ್ತನಾಲ್ಕು ವರ್ಷ ಕಾದ ಮೇಲೂ ಈ ಅಂಶದಲ್ಲಿ ಹೊಸ ನಿಶ್ಚಯವೇನೂ ದೊರೆಯುತ್ತಿರಲಿಲ್ಲ. ಅಷ್ಟರಲ್ಲಿ ಅನಿಲದ ಪ್ರಮಾಣ ಮಾತ್ರ 337ರಿಂದ 396ಕ್ಕೆ ಏರಿತ್ತು. ಎಲ್ಲೆಗಳನ್ನು ಹೇಳಿ ಬಿಡುವುದು ಅಜ್ಞಾನವೂ ಅಲ್ಲ. ತೇದಿಯಿಲ್ಲದ ಶಾಸನವೊಂದನ್ನು ಲಿಪಿಯ ಆಧಾರದಿಂದ ಹತ್ತನೆಯ ಶತಮಾನದ್ದೆಂದು ಹೇಳುವಾಗ ನಾವೂ ಐವತ್ತು ವರ್ಷ ಹಿಂದುಮುಂದಿಗೆ ಅವಕಾಶವಿಟ್ಟೇ ಹೇಳುತ್ತೇವೆ. ಅಷ್ಟರಿಂದ ಶಾಸನವೇ ಇಲ್ಲವೆಂದು ಯಾರೂ ವಾದಿಸುವುದಿಲ್ಲ.

ಇನ್ನು ವೆಚ್ಚದ ಪಕ್ಷ. 1992ರಲ್ಲಿ ರಿಯೊ ನಗರದಲ್ಲಿ ರಾಷ್ಟ್ರಗಳು ಸಹಿಮಾಡಿದ ಒಡಂಬಡಿಕೆಯು, ಸಂಪೂರ್ಣವಾದ ವೈಜ್ಞಾನಿಕ ನಿಶ್ಚಯವಿಲ್ಲವೆಂಬ ಕಾರಣದಿಂದ ಕಾರ್ಯವನ್ನು ಮುಂದೂಡಲಾಗದೆಂದು ಒಪ್ಪಿತು. ಆದರೆ ಕೈಗೊಳ್ಳುವ ಕ್ರಮವು ಮಿತವ್ಯಯದ್ದಾಗಿರಬೇಕೆಂಬ ಮಾತನ್ನೂ ಅದೇ ವಿಧಿಯಲ್ಲಿ ಸೇರಿಸಿತು. ಮುಂದಿನ ಜಗಳವೆಲ್ಲ ಈ ಎರಡನೆಯ ಮಾತಿನದು. 1997ರ ಜುಲೈನಲ್ಲಿ ಅಮೆರಿಕದ ಸೆನೆಟ್ ಸಭೆಯು, ತನ್ನ ಆರ್ಥಿಕ ವ್ಯವಸ್ಥೆಗೆ ಭಾರಿ ಹಾನಿಯನ್ನುಂಟುಮಾಡುವ ಅಥವಾ ಹಿಂದುಳಿದ ದೇಶಗಳನ್ನು ಹೊಣೆಯಿಂದ ಬಿಡುವ ಒಪ್ಪಂದಕ್ಕೆ ಸಹಿಮಾಡಕೂಡದೆಂದು 95 ಮತಗಳಿಂದ, ಒಂದೂ ವಿರೋಧವಿಲ್ಲದೆ, ನಿರ್ಣಯಿಸಿತು.

ಹಾಗಾದರೆ ಹಾನಿಯನ್ನೂ ವೆಚ್ಚವನ್ನೂ ಹೋಲಿಸುವುದು ಹೇಗೆ? ವೆಚ್ಚವು ಇಂದಿನದು, ತಪ್ಪುವ ಹಾನಿಯು ಮೊಮ್ಮಕ್ಕಳ ಕಾಲದ್ದು. ಹುಂಡಿಯನ್ನು ಅವಧಿಗೆ ಮೊದಲೇ ತಂದವನಿಗೆ ಸಾಹುಕಾರನು ಮುಂದಿನ ಬಡ್ಡಿಯನ್ನು ಮುರಿದುಕೊಂಡು ಹಣವನ್ನು ಕೊಡುವಂತೆ, ಅರ್ಥಶಾಸ್ತ್ರಜ್ಞರು ಭವಿಷ್ಯದ ಹಾನಿಯಿಂದ ಸೋಡಿಯನ್ನು ಕಳೆದು ಅದಕ್ಕೆ ಇಂದಿನ ಬೆಲೆಯನ್ನು ಕಟ್ಟುತ್ತಾರೆ. ಎಲ್ಲವೂ ಆ ಸೋಡಿಯ ದರವನ್ನು ಅವಲಂಬಿಸಿದೆ. 2006ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ನಿಕೊಲಸ್ ಸ್ಟರ್ನ್ ಸಿದ್ಧಪಡಿಸಿದ ವರದಿಯು ಸುಮಾರು ಶೇಕಡಾ 1.4ರ ದರವನ್ನು ಹಿಡಿಯಿತು; ಯೇಲ್ ವಿಶ್ವವಿದ್ಯಾನಿಲಯದ ವಿಲಿಯಂ ನಾರ್ಡ್‌ಹೌಸ್ ಸುಮಾರು ಶೇಕಡಾ 5.5ರ ದರವನ್ನು ಸಮರ್ಥಿಸಿದರು. ನೂರು ವರ್ಷಗಳ ಅನಂತರದ ಒಂದು ಕೋಟಿ ರೂಪಾಯಿಯ ನಷ್ಟವು ಮೊದಲನೆಯ ದರದಲ್ಲಿ ಇಂದು ಸುಮಾರು 25 ಲಕ್ಷ ರೂಪಾಯಿ ಬಾಳುತ್ತದೆ. ಎರಡನೆಯದರಲ್ಲಿ ಸುಮಾರು 47 ಸಾವಿರ. ನಷ್ಟ ಒಂದೇ, ವಿಜ್ಞಾನವೂ ಒಂದೇ. ಬೆಲೆಯಲ್ಲಿ ಐವತ್ತು ಪಟ್ಟಿಗೂ ಹೆಚ್ಚಿನ ಅಂತರ. ಕೈಕಟ್ಟಿ ಕುಳಿತರೆ ಲೋಕದ ಉತ್ಪನ್ನದ ಶೇಕಡಾ 5ರಿಂದ 20ರಷ್ಟು ನಷ್ಟ, ಕಾರ್ಯಕ್ಕಿಳಿದರೆ ಶೇಕಡಾ 1ರಷ್ಟು ವೆಚ್ಚ ಎಂದು ಸ್ಟರ್ನ್ ಹೇಳಲು ಸಾಧ್ಯವಾದುದಕ್ಕೂ, ಮೆಲ್ಲನೆ ಆರಂಭಿಸಿ ಕ್ರಮೇಣ ಬಿಗಿಮಾಡಿದರೆ ಸಾಕೆಂದು ನಾರ್ಡ್‌ಹೌಸ್ ಹೇಳಿದುದಕ್ಕೂ ಮುಖ್ಯವಾದ ಕಾರಣ ಇದೇ. (ಏನೂ ಮಾಡಬೇಡಿರೆಂದು ನಾರ್ಡ್‌ಹೌಸ್ ಎಂದೂ ಹೇಳಲಿಲ್ಲ, ಇಂಗಾಲದ ಮೇಲೆ ತೆರಿಗೆ ಬೇಕೆಂಬುದೇ ಅವರ ವಾದ. ಅವರ ಹೆಸರನ್ನು ಹಿಡಿದು ವಿಳಂಬವನ್ನು ಸಮರ್ಥಿಸಿದವರು ಇದನ್ನು ಮರೆಯುತ್ತಾರೆ.) ದರವನ್ನು ಆರಿಸುವುದು ಮಾಪನದ ಕೆಲಸವಲ್ಲ. ಇನ್ನೂ ಹುಟ್ಟದವನ ಕಷ್ಟಕ್ಕೆ ನಮ್ಮ ಕಷ್ಟದ ಮುಂದೆ ಎಷ್ಟು ತೂಕವೆಂಬ ಧರ್ಮವಿಚಾರವದು. ದಶಾಂಶದ ಅಂಕಿಯ ವೇಷದಲ್ಲಿ ಬಂದಿದೆ.

ವೆಚ್ಚದ ಭವಿಷ್ಯವಾಣಿಗಳೂ ಪರೀಕ್ಷೆಗೊಳಗಾಗಿವೆ. ಆಮ್ಲಮಳೆಯನ್ನು ತಡೆಯಲು ಅಮೆರಿಕವು 1990ರಲ್ಲಿ ಶಾಸನವನ್ನು ಮಾಡುವಾಗ ವಿದ್ಯುತ್ ಕಂಪೆನಿಗಳು ಭಯಂಕರವಾದ ವೆಚ್ಚವನ್ನು ಮುನ್ನುಡಿದಿದ್ದವು. ಗಂಧಕದ ಹೊಗೆ ಇಳಿಯಿತು, ವೆಚ್ಚವು ಮುನ್ನುಡಿದುದಕ್ಕಿಂತ ಬಹಳ ಕಡಿಮೆಯಾಯಿತು. ರೈಲು ಸಾಗಣೆಯ ನಿರ್ಬಂಧಗಳು 1980ರಲ್ಲಿ ಸಡಿಲವಾಗಿ ವಯೋಮಿಂಗ್ ಪ್ರಾಂತದ ಗಂಧಕ ಕಡಿಮೆಯಿರುವ ಕಲ್ಲಿದ್ದಲು ಅಗ್ಗವಾಗಿ ದೊರೆತುದೂ ಇದಕ್ಕೊಂದು ಕಾರಣ. ಅದನ್ನು ಯಾರೂ ಸರಿಯಾಗಿ ಎಣಿಸಿರಲಿಲ್ಲ. ಸೂರ್ಯಶಕ್ತಿಯ ಉದಾಹರಣೆ ಇನ್ನೂ ದೊಡ್ಡದು. 2010ರಿಂದ 2019ರವರೆಗೆ ಅದರ ಘಟಕವೆಚ್ಚವು ಶೇಕಡಾ 85ರಷ್ಟು ಇಳಿಯಿತು. ಕಾದದ್ದರಿಂದ ಇಳಿದ ಬೆಲೆ ಅದಲ್ಲ. ಜರ್ಮನಿಯು 2000ದ ಕಾನೂನಿನಿಂದ ದುಬಾರಿ ದರಕ್ಕೇ ಸೌರವಿದ್ಯುತ್ತನ್ನು ಕೊಂಡಿತು, ಅಲ್ಲಿನ ಗೃಹಸ್ಥರು ತಮ್ಮ ಬಿಲ್ಲುಗಳಲ್ಲಿ ಅದನ್ನು ತೆತ್ತರು, ಆ ಬೇಡಿಕೆಯನ್ನು ನಂಬಿ ಚೀನದ ಕಾರ್ಖಾನೆಗಳು ಬೆಳೆದವು. ಎಲ್ಲರೂ ಅಗ್ಗವಾಗಲೆಂದು ಕಾದಿದ್ದರೆ ಅಗ್ಗವಾಗುತ್ತಿರಲಿಲ್ಲ. ಹಾಗೆಂದು ಬೆಲೆಗಳು ಯಾವಾಗಲೂ ಇಳಿಯುತ್ತವೆಂದೂ ಹೇಳಲಾಗದು. ಅಮೆರಿಕದಲ್ಲಿ ಪರಮಾಣು ಸ್ಥಾವರಗಳ ನಿರ್ಮಾಣವೆಚ್ಚವು 1970ರ ದಶಕದಿಂದ ಏರುತ್ತ ಹೋಯಿತು. ಅನಿಶ್ಚಯವು ಈ ಕಡೆಯಲ್ಲಿಯೂ ಇದೆಯೆಂಬುದಷ್ಟೇ ನಮ್ಮ ಮಾತು.

ಎರಡೂ ಕಡೆ ಅನಿಶ್ಚಯವಿದ್ದರೂ ತಕ್ಕಡಿ ಸಮನಾಗುವುದಿಲ್ಲ. ವ್ಯರ್ಥವಾಗಿ ಕಟ್ಟಿದ ಸ್ಥಾವರದ ಹಣ ಮರಳಿ ಬಾರದು, ನಿಜ. ಆದರೆ ಅದರ ಪೆಟ್ಟು ಒಂದು ತಲೆಮಾರಿನೊಳಗೆ ಮುಗಿಯುತ್ತದೆ. ವಾಯುಮಂಡಲವನ್ನು ಸೇರಿದ ಇಂಗಾಲದ ಗಣನೀಯವಾದ ಭಾಗವು ಸಾವಿರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಹಾರ್ವರ್ಡಿನ ಮಾರ್ಟಿನ್ ವೈಟ್ಸ್‌ಮನ್ 2009ರಲ್ಲಿ ತೋರಿಸಿದ ಅಂಶವೂ ಇಲ್ಲಿ ಸಲ್ಲುತ್ತದೆ: ಅತಿ ಘೋರವಾದ ಪರಿಣಾಮಗಳ ಸಂಭವ ಚಿಕ್ಕದಾದರೂ ಶೂನ್ಯಕ್ಕೆ ಬೇಗ ಇಳಿಯದಿದ್ದರೆ, ಸರಾಸರಿಯ ಲೆಕ್ಕಕ್ಕಿಂತ ಆ ತುದಿಯ ಲೆಕ್ಕವೇ ನಿರ್ಣಾಯಕವಾಗುತ್ತದೆ. ಎಂದರೆ ಸಂದೇಹವು ಹೆಚ್ಚಿದಷ್ಟೂ ಎಚ್ಚರಿಕೆಗೆ ಕಾರಣವೂ ಹೆಚ್ಚಬಹುದು. ನಮ್ಮ ವಿದ್ಯಾರ್ಥಿಗಳ ಪ್ರಶ್ನೆಯು ಇಲ್ಲಿ ತಲೆಕೆಳಗಾಗುತ್ತದೆ.

ಆದರೆ ವೆಚ್ಚವು ಯಾರದು? ಬಡವನ ಗದ್ದೆಯ ಅನಿಲವನ್ನೂ ಧನಿಕನ ಮೋಟಾರಿನ ಹೊಗೆಯನ್ನೂ ಒಂದೇ ತೂಕದಲ್ಲಿಡಲಾಗದೆಂದು ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ವಾದಿಸಿದರು. ರಾಷ್ಟ್ರಗಳ ನಡುವಣ ಈ ನ್ಯಾಯವು ಒಂದು ತಾಲ್ಲೂಕಿನೊಳಗೂ ಅನ್ವಯಿಸುತ್ತದೆ. ಬರಕ್ಕೆ ಹೆಸರಾದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಭೂಮಿಯ ಮೇಲೆ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದಿದೆ. ಮೇಲೆ ಹೇಳಿದ ಬೆಲೆಯಿಳಿತವೇ ಅದನ್ನು ಸಾಧ್ಯಗೊಳಿಸಿತು. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದುದು ವಿವೇಕದ ಕ್ರಮ. ಮಳೆ ಬರಲಿ ಬಾರದಿರಲಿ, ಹಿಡುವಳಿದಾರನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಬರುತ್ತದೆ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತ, ಕಡಲೆಕಾಯಿ ಬಿಡಿಸುತ್ತ ಬದುಕಿದ್ದ ಭೂಮಿಯಿಲ್ಲದ ಕೂಲಿಕಾರನಿಗೆ ಗುತ್ತಿಗೆಪತ್ರದಲ್ಲಿ ಹೆಸರಿಲ್ಲ. ಅವನಿಗೆ ತಪ್ಪಿದ ಕೂಲಿಯು ವಿದ್ಯುತ್ತಿನ ಯೂನಿಟ್ ದರದಲ್ಲಿಯೂ ಸೇರಿಲ್ಲ.