ಹಳಿಗಿಂತ ಮೊದಲೇ ಇದ್ದಂತಿರುವ ಬಂಡೆಗಳು

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬೌಮ್‌ವಾಲ್ ಸ್ಟೇಷನ್ನಿನಲ್ಲಿ ಇಳಿದು ಕಾಲುವೆಯ ಸೇತುವೆ ದಾಟಿದರೆ ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳ ಸಾಲು ಎದುರಾಗುತ್ತದೆ. ಇದರ ಹೆಸರು ಸ್ಪೈಖರ್‌ಸ್ಟಾಟ್. ಒಂದು ಕಾಲಕ್ಕೆ ಕಾಫಿ, ಚಹಾ, ಸಂಬಾರ ಜೀನಸುಗಳ ಮೂಟೆ ಪೇರಿಸಿಡುತ್ತಿದ್ದ ಜಾಗ. 2015ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಈ ಗೋದಾಮುಗಳಲ್ಲಿ ಒಂದರ ಮೆಟ್ಟಿಲು ಹತ್ತಿದರೆ ಮಿನಿಯಾಟುರ್ ವುಂಡರ್‌ಲಾಂಡ್. ಗೆರಿಟ್ ಮತ್ತು ಫ್ರೆಡೆರಿಕ್ ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ತೆರೆದ ಮಾದರಿ ರೈಲು ಲೋಕ. ಜಗತ್ತಿನ ಅತಿ ದೊಡ್ಡದೆಂಬ ಗಿನ್ನೆಸ್ ದಾಖಲೆ ಇದಕ್ಕಿದೆ.

ಎಲ್ಲರೂ ರೈಲು ನೋಡಲು ಬಂದಿದ್ದರು. ನಾನು ಹೋದದ್ದು ಕಲ್ಲು ನೋಡಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯ ಒಂದು ತುಣುಕನ್ನು ನಮ್ಮ ಮನೆಯ ಪ್ಲೈವುಡ್ ಹಲಗೆಯ ಮೇಲೆ ಕಟ್ಟುತ್ತಿದ್ದೇನೆ. ಹಳಿ ಸರಿಯಾಗಿ ಕೂತಿದೆ, ಸುರಂಗದ ಬಾಯಿ ಚೆನ್ನಾಗಿದೆ. ಬಂಡೆ ಮಾತ್ರ ಗಾರೆ ಮೆತ್ತಿದ ಗೋಡೆಯಂತೆ ಕಾಣುತ್ತದೆ. ಏನು ತಪ್ಪುತ್ತಿದೆ ಎಂದು ತಿಳಿಯಬೇಕಿತ್ತು.

ವುಂಡರ್‌ಲಾಂಡ್‌ನಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಮನುಷ್ಯನೆಂದರೆ ಎರಡು ಸೆಂಟಿಮೀಟರ್ ಎತ್ತರದ ಬೊಂಬೆ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಇಡೀ ಸಭಾಂಗಣಕ್ಕೆ ಸಂಜೆಯಾಗುತ್ತದೆ, ಕತ್ತಲಾಗುತ್ತದೆ, ಮತ್ತೆ ಬೆಳಗಾಗುತ್ತದೆ. ವೆಸೂವಿಯಸ್ ಬೆಂಕಿ ಉಗುಳುವ ಇಟಲಿಯ ಕಡೆ ಮಕ್ಕಳ ಗುಂಪು ಜಾಸ್ತಿ. ನಾನು ಅತ್ತ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಮೆರಿಕ ವಿಭಾಗದ ಗ್ರ್ಯಾಂಡ್ ಕ್ಯಾನ್ಯನ್ ಮುಂದೆ ನಿಂತೆ. ಅಲ್ಲಿನ ಕಲ್ಲು ಹಾಸುಹಾಸಾಗಿ, ಮಲಗಿದ ಪದರಗಳಲ್ಲಿ ಇರುತ್ತದೆ. ಕಣಿವೆಯ ಈ ಗೋಡೆಯಲ್ಲಿ ಕಂಡ ಪಟ್ಟಿ ಆಚೆ ಗೋಡೆಯಲ್ಲೂ ಅದೇ ಎತ್ತರಕ್ಕೆ ಸಿಗಬೇಕು. ಯಾಕೆಂದರೆ ನಡುವಿನದನ್ನು ಕೊರೆದುಕೊಂಡು ಹೋದದ್ದು ನದಿ. ಮಾದರಿ ಕಟ್ಟುವವನು ಇದೊಂದನ್ನು ಮರೆತರೂ ನೋಡುವವರಿಗೆ ಎಲ್ಲೋ ಏನೋ ಸರಿಯಿಲ್ಲ ಅನಿಸುತ್ತದೆ. ಏನೆಂದು ಹೇಳಲು ಬರುವುದಿಲ್ಲ, ಅಷ್ಟೆ.

ಸ್ವಿಟ್ಜರ್ಲೆಂಡ್ ವಿಭಾಗ 2007ರದು. ಎರಡು ಮಹಡಿಗಳನ್ನು ಒಂದು ಮಾಡಿ ಕಟ್ಟಿದ್ದಾರೆ. ಮ್ಯಾಟರ್‌ಹಾರ್ನ್ ಶಿಖರ ಸುಮಾರು ಆರು ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ನಿಂತಲ್ಲೇ ಲೆಕ್ಕ ಹಾಕಿದೆ. ನಿಜವಾದ ಮ್ಯಾಟರ್‌ಹಾರ್ನ್ 4,478 ಮೀಟರ್. ಅಳತೆಗೆ ಸರಿಯಾಗಿ ಮಾಡಿದ್ದರೆ ಇದು 51 ಮೀಟರಿಗೂ ಹೆಚ್ಚು ಎತ್ತರ ಇರಬೇಕಿತ್ತು. ಅದರ ಎಂಟರಲ್ಲಿ ಒಂದು ಪಾಲೂ ಇಲ್ಲ. ಆದರೂ ಕತ್ತೆತ್ತಿ ನೋಡಿದಾಗ ಚಿಕ್ಕದೆನಿಸಲಿಲ್ಲ. ಬೆಟ್ಟವನ್ನು ಕುಗ್ಗಿಸಬಹುದು, ಆದರೆ ಬಿರುಕನ್ನು ಹಿಗ್ಗಿಸಬಾರದು ಎನ್ನುವುದೇ ಇದರ ಗುಟ್ಟು. ಒಂದು ಅಡಿ ಅಗಲದ ನಿಜವಾದ ಬಿರುಕು ಈ ಅಳತೆಯಲ್ಲಿ ಮೂರೂವರೆ ಮಿಲಿಮೀಟರ್. ಕೈ ಜಾರಿ ಒಂದು ಸೆಂಟಿಮೀಟರ್ ಗೀರಿದರೆ ಅದು ಆಳು ತೂರುವಷ್ಟು ದೊಡ್ಡ ಸಂದಾಗುತ್ತದೆ. ಬೆಟ್ಟ ಅಲ್ಲಿಗೇ ಆಟಿಕೆಯಾಗುತ್ತದೆ. ನನ್ನ ಹಲಗೆಯ ಮೇಲಿನ ಬಂಡೆಯ ಕಾಯಿಲೆ ಇದೇ ಎಂದು ಅಲ್ಲಿ ಹೊಳೆಯಿತು.

ಕೆಲಸದ ಬಗೆ ಹೊಸದೇನಲ್ಲ. ಮರದ ಪಟ್ಟಿಗಳ ಅಸ್ಥಿಪಂಜರ, ಅದರ ಮೇಲೆ ತಂತಿ ಜಾಲರಿ, ಅದರ ಮೇಲೆ ಪ್ಲಾಸ್ಟರ್. ಬೆಟ್ಟದ ಹೊಟ್ಟೆ ಪೂರ್ತಿ ಟೊಳ್ಳು. ಇಂಥ ಟೊಳ್ಳಿನಲ್ಲೇ ರೈಲುಗಳು ಸುರುಳಿ ಸುತ್ತಿ ಮೇಲೇರುವುದು. ಕಷ್ಟವಿರುವುದು ಕೆತ್ತನೆಯಲ್ಲಿ. ಕಲಸಿದ ಪ್ಲಾಸ್ಟರ್ ಗಟ್ಟಿಯಾಗುವುದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಅದರೊಳಗೆ ಕೆಲವೇ ನಿಮಿಷ ಒಂದು ಹದ ಬರುತ್ತದೆ. ಮೈಸೂರು ಪಾಕ್ ಕೊಯ್ದವರಿಗೆ ಈ ಹದ ಗೊತ್ತು: ಬೇಗ ಕೈ ಹಾಕಿದರೆ ಅಂಟುತ್ತದೆ, ತಡವಾದರೆ ಪುಡಿಯಾಗುತ್ತದೆ. ಆ ನಡುವಿನ ಹೊತ್ತಿನಲ್ಲಿ ಚೂರಿಯ ಮೊನೆಯನ್ನು ಊರಿ ತಿರುವಿದರೆ ಪ್ಲಾಸ್ಟರ್ ಚಕ್ಕೆಚಕ್ಕೆಯಾಗಿ ಏಳುತ್ತದೆ. ಕೊಯ್ದ ಜಾಗ ನುಣುಪಾಗುತ್ತದೆ. ತಾನಾಗಿ ಮುರಿದ ಜಾಗ ಕಲ್ಲಾಗುತ್ತದೆ. ಆದ್ದರಿಂದ ಕೊಯ್ಯುವುದಕ್ಕಿಂತ ಮುರಿಸುವುದೇ ಇಲ್ಲಿನ ಕಲೆ. ಎಲ್ಲ ಬಿರುಕೂ ಒಂದೇ ವಾಲಿನಲ್ಲಿ ಸಾಗಬೇಕು, ಅಲ್ಲೊಂದು ಇಲ್ಲೊಂದು ಅಡ್ಡ ಹಾಯಬೇಕು. ಮ್ಯಾಟರ್‌ಹಾರ್ನ್ ಇರುವ ಆಲ್ಪ್ಸ್ ಭೂಮಿಯ ಫಲಕಗಳು ಗುದ್ದಿಕೊಂಡು ಮಡಚಿದ ಪರ್ವತ. ಅಲ್ಲಿ ಕ್ಯಾನ್ಯನ್ನಿನಂಥ ಮಲಗಿದ ಗೆರೆ ಎಳೆದರೆ ಸುಳ್ಳಾಗುತ್ತದೆ.

ಬಣ್ಣದಲ್ಲಿ ಅನೇಕರು ಎಡವುವುದು ಬೂದು ಡಬ್ಬಿ ತಂದು ಬಳಿಯುವುದರಿಂದ. ಬಿಳೀ ಪ್ಲಾಸ್ಟರ್ ನೀರು ಹೀರುವ ವಸ್ತು. ಕಾವಿ, ಹಳದಿ ಮಣ್ಣಿನ ಬಣ್ಣ, ಕಂದು ಇವನ್ನು ನೀರು ನೀರಾಗಿ ಮಾಡಿ ಮೊದಲು ಮಚ್ಚೆ ಮಚ್ಚೆಯಾಗಿ ಹಚ್ಚಬೇಕು. ಮೇಲಿಂದ ತೆಳು ಕಪ್ಪು ನೀರು ಬಿಟ್ಟರೆ ಅದು ತಾನೇ ಹರಿದು ಬಿರುಕುಗಳಲ್ಲಿ ನೆರಳಾಗಿ ಕೂರುತ್ತದೆ, ಮಚ್ಚೆಗಳನ್ನೂ ಬೆಸೆಯುತ್ತದೆ. ಒಣಗಿದ ಮೇಲೆ ಬಣ್ಣ ತುಸು ತಿಳಿಯಾಗುವುದರಿಂದ ಅವಸರಪಟ್ಟು ಮತ್ತೆ ಹಚ್ಚಬಾರದು. ಕೊನೆಗೆ ಒಣಕಲು ಬ್ರಶ್ಶಿಗೆ ಚೂರೇ ಚೂರು ಬಿಳಿ ಅದ್ದಿ ಅಂಚುಗಳಿಗೆ ಸವರಿದರೆ ಬಿಸಿಲು ಬಿದ್ದ ಹಾಗೆ ಬಂಡೆ ಎದ್ದು ಕಾಣುತ್ತದೆ.

ಮಾದರಿಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಹಳಿ. ರೈಲು ಓಡಿಸಿ ನೋಡಿ, ಆಮೇಲೆ ಸುತ್ತ ಬೆಟ್ಟ ಕಟ್ಟುತ್ತಾರೆ. ಲೋಕದಲ್ಲಿ ನಡೆದದ್ದು ತಿರುಗುಮುರುಗು. ಬೆಟ್ಟ ಕೋಟ್ಯಂತರ ವರ್ಷ ನಿಂತಿತ್ತು. ಮನುಷ್ಯ ಬಂದು ಸಿಡಿಮದ್ದಿಟ್ಟು ದಾರಿ ಮಾಡಿಕೊಂಡ. ಬಂಡೆಯ ಪದರ ಹಳಿಯ ಹತ್ತಿರ ಫಕ್ಕನೆ ತುಂಡಾಗಿರಬೇಕು, ಆಚೆ ಬದಿಯಲ್ಲಿ ಅದೇ ವಾಲಿನಲ್ಲಿ ಮುಂದುವರಿಯಬೇಕು, ಬುಡದಲ್ಲಿ ಉದುರಿದ ಕಲ್ಲಿನ ಚೂರು ಬಿದ್ದಿರಬೇಕು. ಆಗ ಬಂಡೆ ಮೊದಲು ಇತ್ತು, ರೈಲು ಆಮೇಲೆ ಬಂತು ಎಂದು ಕಣ್ಣು ನಂಬುತ್ತದೆ. ನನ್ನ ಮಟ್ಟಿಗೆ ಸ್ವಿಟ್ಜರ್ಲೆಂಡ್ ವಿಭಾಗದ ಮುಂದೆ ಕಳೆದ ಎರಡು ಗಂಟೆಯ ಗಳಿಕೆ ಇದು. ರೈಲಿಗಾಗಿ ಮಾಡಿಟ್ಟ ಬೆಟ್ಟ ಅಲಂಕಾರ. ರೈಲಿಗೆ ಅಡ್ಡ ನಿಂತ ಬೆಟ್ಟವೇ ಬೆಟ್ಟ.

ನಮ್ಮ ಕಲ್ಲಿಗೆ ಅಲ್ಲಿನ ಚೂರಿ ಹಾಗೇ ಒಗ್ಗುವುದಿಲ್ಲ. ಹಂಪಿ ಮಾಡಹೊರಟವರು ಮೊನೆಯನ್ನು ಬಿಟ್ಟು ಉಜ್ಜುವ ಕಾಗದ ಹಿಡಿಯಬೇಕು. ಅಲ್ಲಿನ ಗ್ರಾನೈಟ್ ಗುಂಡುಗಳು ಗಾಳಿ ಮಳೆಗೆ ಮೂಲೆ ಕಳೆದುಕೊಂಡು ದುಂಡಾದವು. ಘಾಟಿಯ ಬಂಡೆಗೆ ಬಿಳಿ ಅಂಚು ಕಡಿಮೆ, ಜಿನುಗುವ ನೀರಿನ ಕಪ್ಪು ಗೆರೆ ಮತ್ತು ಪಾಚಿಯ ಹಸಿರು ಹೆಚ್ಚು.

ಮಿನಿಯಾಟುರ್ ವುಂಡರ್‌ಲಾಂಡ್ ವರ್ಷದ 365 ದಿನವೂ ತೆರೆದಿರುತ್ತದೆ. ಜನಸಂದಣಿ ವಿಪರೀತ, ಮೊದಲೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಿ ಹೋಗುವುದು ಒಳ್ಳೆಯದು. ಹ್ಯಾಂಬರ್ಗ್ ದೂರವಾಯಿತು ಎನ್ನುವವರು ಯಶವಂತಪುರದಿಂದ ಮಂಗಳೂರಿಗೆ ಹಗಲು ರೈಲು ಹತ್ತಿ. ಸಕಲೇಶಪುರ ದಾಟಿದ ಮೇಲೆ ಸಿಗುವ 57 ಸುರಂಗಗಳ ನಡುವೆ ಕಿಟಕಿಯಿಂದ ಕೈಗೆಟುಕುವಷ್ಟು ಹತ್ತಿರ ಬಂಡೆ ಹಾದುಹೋಗುತ್ತದೆ. ಪ್ಲಾಸ್ಟರ್ ಕಲಸುವ ಮುಂಚೆ ಅದರ ಫೋಟೊ ತೆಗೆದುಕೊಂಡು ಬನ್ನಿ.