ಒಣಗಿದ್ದೆಲ್ಲ ಶುದ್ಧವಲ್ಲ

ಹಸುಗೂಸಿಗೆ ಹಾಕುವ ಬಿಸಿಜಿ ಲಸಿಕೆ ಆಸ್ಪತ್ರೆಗೆ ಬರುವುದು ಪುಡಿಯಾಗಿ. ನರ್ಸ್ ಅದಕ್ಕೆ ಸಲೈನ್ ಬೆರೆಸುತ್ತಾರೆ. ಒಳಗಿರುವ ಬ್ಯಾಕ್ಟೀರಿಯಾ ಅಷ್ಟು ದಿನ ಒಣಗಿ ಕೂತಿದ್ದರೂ ಜೀವಂತವಾಗಿಯೇ ಇರುತ್ತದೆ. ಹಾಗೆ ಜೀವ ಉಳಿಸಿ ಒಣಗಿಸುವ ವಿಧಾನದ ಹೆಸರು ಫ್ರೀಜ್ ಡ್ರೈಯಿಂಗ್. ದಡಾರ-ರುಬೆಲ್ಲಾ ಲಸಿಕೆಯ ವೈರಸ್ಸನ್ನೂ ಹೀಗೆಯೇ ಕಾಪಿಡುತ್ತಾರೆ.

ಇದೇ ವಿಧಾನದಲ್ಲಿ ಒಣಗಿಸಿದ ಸ್ಟ್ರಾಬೆರಿ, ಬ್ಲೂಬೆರಿ, ರಾಸ್ಪ್‌ಬೆರಿ ಪೊಟ್ಟಣಗಳು ಈಗ ಸೂಪರ್ ಮಾರ್ಕೆಟ್ಟಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಮಕ್ಕಳ ಡಬ್ಬಿಗೆ, ಓಟ್ಸ್‌ಗೆ, ಕೇಕಿನ ಮೇಲಕ್ಕೆ ಜನ ಕೊಳ್ಳುತ್ತಿದ್ದಾರೆ. ಸಣ್ಣ ಯಂತ್ರವೊಂದನ್ನು ತಂದು ಮನೆಯಿಂದಲೇ ಈ ವ್ಯಾಪಾರ ಶುರು ಮಾಡುವ ಉತ್ಸಾಹಿಗಳೂ ಇದ್ದಾರೆ. ನೀರೇ ಇಲ್ಲವೆಂದ ಮೇಲೆ ಕ್ರಿಮಿ ಎಲ್ಲಿಂದ ಎಂಬ ಧೈರ್ಯ ಮಾರುವವರಿಗೂ ಇದೆ, ತಿನ್ನುವವರಿಗೂ ಇದೆ. ಆ ಧೈರ್ಯಕ್ಕೆ ಆಧಾರವಿಲ್ಲ.

ಸ್ಟ್ರಾಬೆರಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಹಣ್ಣನ್ನು ಸೊನ್ನೆಗಿಂತ ಬಹಳ ಕೆಳಗೆ, ಸಾಮಾನ್ಯವಾಗಿ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಿ, ಗಾಳಿ ಎಳೆದು ತೆಗೆದ ಪೆಟ್ಟಿಗೆಯಲ್ಲಿ ತಟ್ಟೆಗಳ ಮೇಲೆ ಹರಡುತ್ತಾರೆ. ಒತ್ತಡ 6 ಮಿಲಿಬಾರ್‌ಗಿಂತ ಕೆಳಗಿಳಿದರೆ ಮಂಜುಗಡ್ಡೆ ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬೇಕು. ಹತ್ತು ಕಿಲೋ ಹಣ್ಣಿನಿಂದ ಕೈಗೆ ಬರುವುದು ಹೆಚ್ಚುಕಡಿಮೆ ಒಂದು ಕಿಲೋ. ಪೊಟ್ಟಣದ ಬೆಲೆ ಏಕೆ ಅಷ್ಟು ಹೆಚ್ಚು ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಹಣ್ಣಿಗೆ ಬೇಯುವಷ್ಟು ಬಿಸಿ ತಾಗುವುದೇ ಇಲ್ಲವಾದ್ದರಿಂದ ಬಣ್ಣ, ಪರಿಮಳ, ಆಕಾರ ಬಹುಮಟ್ಟಿಗೆ ಉಳಿಯುತ್ತವೆ. ಹಣ್ಣಿಗಂಟಿದ ರೋಗಾಣು ಉಳಿಯುವುದೂ ಅದೇ ಕಾರಣಕ್ಕೆ.

ಬ್ಲೂಬೆರಿಯನ್ನು ತುಸು ಹತ್ತಿರದಿಂದ ನೋಡಿ. ಅದರ ಸಿಪ್ಪೆಯ ಮೇಲೆ ಮೇಣದ ತೆಳುಪದರ ಇರುತ್ತದೆ. ಇಡೀ ಹಣ್ಣನ್ನೇ ಯಂತ್ರಕ್ಕೆ ಹಾಕಿದರೆ ಆವಿಗೆ ಹೊರಬರಲು ದಾರಿ ಸಿಗದು. ಸಿಪ್ಪೆ ಗರಿಗರಿ, ನಡುವೆ ಮಾತ್ರ ಪಸೆ. ಅದಕ್ಕೇ ಹಣ್ಣನ್ನು ಮೊದಲು ಸೀಳಬೇಕು ಅಥವಾ ಚುಚ್ಚಬೇಕು. ಒಣಗಿತೋ ಇಲ್ಲವೋ ಎಂದು ಬೆರಳಿನಿಂದ ಒತ್ತಿ ತೀರ್ಮಾನಿಸಿದರೆ ಸಾಲದು. ಎಲ್ಲಕ್ಕಿಂತ ದಪ್ಪನೆಯ ಹಣ್ಣನ್ನು ಮುರಿದು, ಅದರ ‘ವಾಟರ್ ಆಕ್ಟಿವಿಟಿ’ಯನ್ನು, ಅಂದರೆ ಸೂಕ್ಷ್ಮಜೀವಿಗಳ ಬಳಕೆಗೆ ಎಷ್ಟು ನೀರು ಸಿಗುತ್ತದೆ ಎಂಬುದನ್ನು, ಮೀಟರಿನಲ್ಲಿ ಅಳೆಯಬೇಕು. ಈ ಅಳತೆ 0.85ಕ್ಕಿಂತ ಕೆಳಗಿದ್ದರೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯದು. 0.6ಕ್ಕಿಂತ ಕೆಳಗೆ ಬೂಷ್ಟೂ ಬೆಳೆಯದು. ಬೆಳೆಯದು ಎಂದೇ ಹೊರತು ಸಾಯುತ್ತದೆ ಎಂದು ಯಾರೂ ಹೇಳಿಲ್ಲ.

ವೈರಸ್ಸಿಗಂತೂ ಹಣ್ಣಿನ ಮೇಲೆ ಬೆಳೆಯುವ ಅಗತ್ಯವೇ ಇಲ್ಲ, ಅಂಟಿಕೊಂಡಿದ್ದರೆ ಸಾಕು. 2012ರಲ್ಲಿ ಜರ್ಮನಿಯ ಶಾಲೆ, ಶಿಶುವಿಹಾರಗಳಲ್ಲಿ ಸುಮಾರು 11,000 ಮಂದಿ ವಾಂತಿ-ಭೇದಿಯಿಂದ ನರಳಿದರು. ಚೀನಾದಿಂದ ಬಂದಿದ್ದ, ಹೆಪ್ಪುಗಟ್ಟಿಸಿದ ಸ್ಟ್ರಾಬೆರಿಯಲ್ಲಿ ನೊರೊವೈರಸ್ ಇತ್ತು. ಮರುವರ್ಷ ಯುರೋಪಿನಲ್ಲಿ ಹೆಪಟೈಟಿಸ್ ಎ ಹಬ್ಬಿತು. 2014ರ ಆಗಸ್ಟ್ ಹೊತ್ತಿಗೆ 12 ದೇಶಗಳಲ್ಲಿ 1,589 ಪ್ರಕರಣ, ಇಬ್ಬರ ಸಾವು. ಹೆಚ್ಚಿನ ರೋಗಿಗಳು ಇಟಲಿಯವರು. ತನಿಖೆಯ ಬೆರಳು ಹೆಪ್ಪುಗಟ್ಟಿಸಿದ ಬೆರಿಗಳ ಮಿಶ್ರಣದತ್ತ ತೋರಿತು. ಎರಡು ನಿಮಿಷ ಕುದಿಸದೆ ತಿನ್ನಬೇಡಿ ಎಂದು ಇಟಲಿಯ ಆರೋಗ್ಯ ಇಲಾಖೆ ಜನರಿಗೆ ತಿಳಿಹೇಳಬೇಕಾಯಿತು. ಇವು ಒಣಗಿಸಿದ ಹಣ್ಣುಗಳಲ್ಲ, ನಿಜ. ಆದರೆ ಫ್ರೀಜ್ ಡ್ರೈ ಮಾಡುವುದು ಇಂಥದೇ ಹೆಪ್ಪುಗಟ್ಟಿದ ಹಣ್ಣನ್ನು. ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಳ್ಳುವವರು ಅದನ್ನು ಕುದಿಸುವುದೂ ಇಲ್ಲ.

ವೈರಸ್ ಹಣ್ಣಿಗೆ ಬರುವುದು ಮನುಷ್ಯರಿಂದ. ಮಲದ ನೀರು ಸೇರಿದ ಕಾಲುವೆ, ಶೌಚಕ್ಕೆ ಹೋಗಿ ಸೋಪಿಲ್ಲದೆ ಬಂದ ಕೈ. ಸ್ಟ್ರಾಬೆರಿ ನೆಲಕ್ಕೆ ಒರಗಿ ಬೆಳೆಯುತ್ತದೆ, ಒಂದೊಂದನ್ನೂ ಕೈಯಲ್ಲೇ ಕೀಳಬೇಕು. ಹೆಪಟೈಟಿಸ್ ಎ ತಗುಲಿದವರ ದೇಹದಿಂದ ಕಣ್ಣು ಹಳದಿಯಾಗುವ ಮೊದಲೇ ವೈರಸ್ ಹೊರಬರತೊಡಗುತ್ತದೆ. ಪಾಪ, ತನಗೆ ಕಾಯಿಲೆ ಇದೆಯೆಂದು ಹಣ್ಣು ಕೀಳುವ ಕೂಲಿಯಾಳಿಗೇ ತಿಳಿದಿರುವುದಿಲ್ಲ. ತೊಳೆದರೆ ಸರಿಹೋಗುತ್ತದೆ ಅನ್ನುವಂತಿಲ್ಲ. ರಾಸ್ಪ್‌ಬೆರಿಯನ್ನು ಉಜ್ಜಿ ತೊಳೆಯಲು ಬರುವುದಿಲ್ಲ. ತೊಳೆಯುವ ನೀರಿಗೆ ಕ್ಲೋರಿನ್ ಹಾಕಿದರೆ ಒಂದು ಹಣ್ಣಿನ ಸೋಂಕು ಇನ್ನೊಂದಕ್ಕೆ ಹರಡುವುದು ತಗ್ಗುತ್ತದೆ, ಅಂಟಿದ್ದೆಲ್ಲ ಹೋಗುವುದಿಲ್ಲ. ಲಕ್ಷಗಟ್ಟಲೆ ಸುರಿದು ಯಂತ್ರ ತರುವವರು ಮೊದಲು ಕೇಳಬೇಕಾದದ್ದು, ಹಣ್ಣು ಕೀಳುವ ಹೆಣ್ಣುಮಕ್ಕಳಿಗೆ ಹೊಲದ ಬದಿಯಲ್ಲಿ ಶೌಚಾಲಯ, ನೀರು, ಸೋಪು ಇವೆಯೇ ಎಂದು. ಮಹಾಬಲೇಶ್ವರ-ಪಂಚಗಣಿಯ ತೋಟದಿಂದ ತಂದರೂ ಇದೇ ಪ್ರಶ್ನೆ, ಊರ ಪಕ್ಕದ ತೋಟದಿಂದ ತಂದರೂ ಇದೇ.

ನಮ್ಮ ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ, ಅಡುಗೆಮನೆಯಲ್ಲಿ ತಯಾರಿಸಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಲೈಸೆನ್ಸ್ ಬೇಕು. 2011ರ ನಿಯಮಗಳ ನಾಲ್ಕನೇ ಅನುಸೂಚಿ ಕುಡಿಯಲು ಯೋಗ್ಯವಾದ ನೀರನ್ನೂ ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆಯನ್ನೂ ಕೇಳುತ್ತದೆ. ಇದೆಲ್ಲ ಕಾಗದದ ಕಾಟ ಎಂದು ಗೊಣಗುವವರು ಬ್ಯಾಚ್ ನಂಬರಿನ ಬಗ್ಗೆ ಒಂದು ಕ್ಷಣ ಯೋಚಿಸಲಿ. ಹೆಪಟೈಟಿಸ್ ಎ ಕಾಣಿಸಿಕೊಳ್ಳಲು 15ರಿಂದ 50 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಪೊಟ್ಟಣ ಖಾಲಿಯಾಗಿ ಕಸಕ್ಕೆ ಹೋಗಿರುತ್ತದೆ. ಯಾವ ತೋಟದ ಹಣ್ಣು, ಯಾವ ದಿನ ಒಣಗಿದ್ದು, ಯಾರಿಗೆ ಹೋಯಿತು ಎಂಬ ದಾಖಲೆ ಇದ್ದರಷ್ಟೇ ಉಳಿದ ಪೊಟ್ಟಣಗಳನ್ನು ಅಂಗಡಿಯಿಂದ ವಾಪಸು ತರಿಸಲು ಸಾಧ್ಯ. ಶುರು ಮಾಡುವ ಮೊದಲು ಕೇಳಿ ತಿಳಿಯಲು ಮೈಸೂರಿನಲ್ಲೇ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ.

ಕೊಳ್ಳುವವರಿಗೂ ಒಂದೆರಡು ಮಾತು. ಈ ಹಣ್ಣು ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳದಂತೆ, ನೋಡನೋಡುತ್ತಿದ್ದಂತೆ ಮೆತ್ತಗಾಗುತ್ತದೆ. ಆ ಪಸೆ ಹೆಚ್ಚಾದರೆ ಸುಮ್ಮನಿದ್ದ ಸೂಕ್ಷ್ಮಜೀವಿಗಳೂ ಎಚ್ಚೆತ್ತುಕೊಳ್ಳುತ್ತವೆ. ಹಾಗಾಗಿ ಡಬ್ಬದಿಂದ ಅಳೆದು ಕೊಡುವ ಬಿಡಿ ಮಾಲು ಬೇಡ. ಗಾಳಿಯಾಡದ ಫಾಯಿಲ್ ಪೊಟ್ಟಣವೇ ಇರಲಿ. ಲೇಬಲ್ಲಿನಲ್ಲಿ ತಯಾರಕರ ವಿಳಾಸ, ಬ್ಯಾಚ್ ನಂಬರು, ದಿನಾಂಕ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವೆಯೇ ನೋಡಿ. ಆ ಸಂಖ್ಯೆ ಅಸಲಿಯೇ ಎಂದು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಸಂಖ್ಯೆ ಇಲ್ಲದ ಪೊಟ್ಟಣವನ್ನು, ಪರಿಚಯದವರೇ ಮಾಡಿದ್ದರೂ, ಮಗುವಿನ ಕೈಗೆ ಕೊಡಬೇಡಿ.